ಕ್ಲಾಸಿನೊಳಗೆ ಬಂದ ನಾತ

ವಾಸನೆಯ ಬಗ್ಗೆ ಜನ ಹೇಳುವ ಕಥೆಗಳನ್ನು ನಾನು ಎಂದೂ ನಂಬಿದವಳಲ್ಲ. ತೀರಿಹೋದ ಅಜ್ಜನ ನಶ್ಯದ ವಾಸನೆ ಬಂತು, ಯಾರೂ ಇಲ್ಲದ ಕೋಣೆಯಲ್ಲಿ ಮಲ್ಲಿಗೆ ಘಮ್ಮೆಂದಿತು ಎಂದು ಯಾರಾದರೂ ಶುರು ಮಾಡಿದರೆ, ಕಾಫಿ ಮಾಡುವ ನೆಪದಲ್ಲಿ ಎದ್ದು ಒಳಗೆ ಹೋಗಿಬಿಡುತ್ತಿದ್ದೆ. ವಾಸನೆ ನನ್ನ ಕಸುಬು. ಅದರಲ್ಲೂ ಕೆಟ್ಟ ವಾಸನೆ. ಒಡೆದ ಹಾಲು, ಕಮಟು ಹಿಡಿದ ಎಣ್ಣೆ, ಲೋಳೆ ಬಂದ ಕೋಳಿ, ಇವುಗಳ ಮುಂದೆ ಮೂಗು ಚಾಚಿ ನಿಲ್ಲುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ವಾಸನೆ ಅಂದರೆ ಒಂದು ಪದಾರ್ಥದಿಂದ ಎದ್ದ ಕಣ. ಅದು ಗಾಳಿಯಲ್ಲಿ ತೇಲಿ ಬಂದು ಮೂಗಿನೊಳಗೆ ಕೂರಬೇಕು. ಪದಾರ್ಥ ಇಲ್ಲದೆ ಕಣ ಇಲ್ಲ, ಕಣ ಇಲ್ಲದೆ ವಾಸನೆ ಇಲ್ಲ. ಇಷ್ಟು ಸರಳ ವಿಷಯ. ಈಗ ಬರೆಯುತ್ತಿರುವುದು ಈ ಸರಳ ವಿಷಯದೊಳಗೆ ಹಿಡಿಸದ ಒಂದು ಮಧ್ಯಾಹ್ನದ ಬಗ್ಗೆ. ಓದಿದವರು ನಂಬಲೇಬೇಕೆಂಬ ಹಟ ನನಗಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ.

ಬಾಗಲೂರಿನ ಕಡೆ ಒಂದು ಕಾರ್ಖಾನೆ ಇತ್ತು. ಸಿದ್ಧ ಊಟವನ್ನು ಪೊಟ್ಟಣಗಳಲ್ಲಿ ತುಂಬಿ ಹೊರದೇಶಕ್ಕೆ ಕಳಿಸುವವರು. ಅಲ್ಲಿ ಗುಣಮಟ್ಟ ನೋಡುವ ವಿಭಾಗದಲ್ಲಿ ಬಹಳ ವರ್ಷ ಇದ್ದೆ. ಬಿಟ್ಟದ್ದು ಅಸಹ್ಯ ಹುಟ್ಟಿ. ಕೊಳೆತ ಪದಾರ್ಥದ ಅಸಹ್ಯ ಅಲ್ಲ, ಅದು ಕೈ ತೊಳೆದುಕೊಂಡರೆ ಹೋಗುತ್ತದೆ. ಕೆಟ್ಟಿದೆ ಅಂತ ಗೊತ್ತಿದ್ದೂ ಎದುರಿಗೆ ಬಂದು ನಿಂತು ನಗುತ್ತಾ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ" ಅನ್ನುತ್ತಾರಲ್ಲ, ಆ ಮುಖಗಳನ್ನು ನೋಡಿ ನೋಡಿ ಬಂದ ಅಸಹ್ಯ. ಅದು ಸೋಪಿಗೆ ಹೋಗುವಂಥದ್ದಲ್ಲ.

ಕೊರೊನಾ ಕಾಲದಲ್ಲಿ ಎಲ್ಲರೂ ಮನೆಯಲ್ಲಿ ಕೂತಾಗ ನಾನು ಪಾಠ ಶುರು ಮಾಡಿದೆ. ಬೇರೆ ಬೇರೆ ದೇಶಗಳಲ್ಲಿ ಆಹಾರದ ಕೆಲಸದಲ್ಲಿರುವವರು, ಅಂದರೆ ಹಾಲಿನ ಡೇರಿ, ಮೀನಿನ ಕಾರ್ಖಾನೆ, ಹೋಟೆಲಿನ ಅಡಿಗೆಮನೆ ಇವುಗಳಲ್ಲಿ ತಪಾಸಣೆ ಮಾಡುವವರು, ಬಡ್ತಿಗೋ ಹೊಸ ಕೆಲಸಕ್ಕೋ ಒಂದು ಪರೀಕ್ಷೆ ಪಾಸು ಮಾಡಬೇಕಾಗುತ್ತದೆ. ಅವರಿಗೆ ವಾರದ ಕೊನೆಯಲ್ಲಿ ನೇರ ತರಗತಿ. ಅಲ್ಲಾಳಸಂದ್ರದ ನಮ್ಮ ಬಾಡಿಗೆ ಮನೆಯ ಹಿಂದಿನ ಕೋಣೆಯೇ ನನ್ನ ಶಾಲೆ. ಒಂದು ಮೇಜು, ಲ್ಯಾಪ್‌ಟಾಪು, ಮುಖದ ಮೇಲೆ ಬೀಳುವ ಹಾಗೆ ಒಂದು ದೀಪ, ಬೆನ್ನ ಹಿಂದೆ ಒಣಗಿಸಿದ ಬಟ್ಟೆಗಳು ಕಾಣದ ಹಾಗೆ ಇಳಿಬಿಟ್ಟ ಬಿಳಿ ಪರದೆ. ನನಗೆ ಮಧ್ಯಾಹ್ನವಾದಾಗ ಒಬ್ಬರಿಗೆ ಊಟದ ಹೊತ್ತು, ಇನ್ನೊಬ್ಬರಿಗೆ ದೀಪ ಹಚ್ಚುವ ಹೊತ್ತು. ದೊಡ್ಡ ಗುಂಪು ನನಗೆ ಆಗುವುದಿಲ್ಲ. ಮುಖ ಕಾಣದೆ, ಹೆಸರು ಮಾತ್ರ ತೇಲಿಸಿಕೊಂಡು ಸರ್ಟಿಫಿಕೇಟಿಗೆ ಕಾಯುವ ಜನರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾಗಾಗಿ ನಾಲ್ಕೈದು ಜನ ಸಾಕು, ಎಲ್ಲರ ಕ್ಯಾಮೆರಾ ತೆರೆದಿರಬೇಕು ಎಂಬ ನಿಯಮ.

ವಾಸನೆಯನ್ನು ಆನ್‌ಲೈನಿನಲ್ಲಿ ಹೇಗೆ ಕಲಿಸುತ್ತೀರಿ ಎಂದು ಅನೇಕರು ಕೇಳುತ್ತಾರೆ. ಸುಲಭ. ಅವರವರ ಮನೆಯಲ್ಲಿ ಒಂದು ಲೋಟ ಹಾಲನ್ನೋ ಒಂದು ತುಂಡು ಮೀನನ್ನೋ ಹೊರಗೆ ಇಡಲು ಹೇಳುತ್ತೇನೆ. ಅವರು ಮೂಸಿ ನೋಡಿ, ಬೇರೆಯವರಿಗೆ ಕಾಣದಂತೆ, ನನಗೊಬ್ಬಳಿಗೇ ಬರೆದು ಕಳಿಸಬೇಕು. ಎಲ್ಲರೆದುರು ಹೇಳಿಸಿದರೆ ಮೊದಲು ಬಾಯಿ ತೆರೆದವನು ಹೇಳಿದ್ದೇ ಎಲ್ಲರ ಮೂಗಿಗೂ ಬರುತ್ತದೆ. ಮನುಷ್ಯನ ಮೂಗಿನಷ್ಟು ಸುಲಭವಾಗಿ ಮೋಸ ಹೋಗುವ ಅಂಗ ಇನ್ನೊಂದಿಲ್ಲ. ಬಾಟಲಿಯಲ್ಲಿ ಬರೀ ನೀರು ಇಟ್ಟು "ಇದು ಪುದೀನ, ಬರ್ತಿದೆಯಾ" ಅಂತ ಕೇಳಿ ನೋಡಿ. ಅರ್ಧ ಜನ ಬರುತ್ತಿದೆ ಅನ್ನುತ್ತಾರೆ. ಇದನ್ನು ನಾನೇ ಎಷ್ಟೋ ಸಲ ಮಾಡಿ ತೋರಿಸಿದ್ದೇನೆ.

ಆ ಗುಂಪಿನಲ್ಲಿ ನಾಲ್ವರಿದ್ದರು. ನೈರೋಬಿಯ ಗ್ರೇಸ್, ಡೇರಿಯವಳು. ಮಾತು ಕಡಿಮೆ, ಮೂಗು ಬಹಳ ಚುರುಕು. ಕೊಲಂಬೊದ ದಿಲಿನಿ ಮೀನಿನ ಕಾರ್ಖಾನೆಯವಳು. ಮನಿಲಾದ ರಾಮೋನ್ ಒಂದು ದೊಡ್ಡ ಹೋಟೆಲಿನಲ್ಲಿ ಮಾಂಸ ಕತ್ತರಿಸುವ ಕೆಲಸದಿಂದ ಮೇಲೆ ಬಂದವನು. ನಾಲ್ಕನೆಯವನು ನಾಸಿರ್. ಅವನು ನಮ್ಮವನೇ, ಆರ್.ಟಿ. ನಗರದವನು. ಮಸ್ಕತ್ತಿನ ಹೊರವಲಯದಲ್ಲಿ, ಕಟ್ಟಡ ಕೆಲಸದವರ ಕ್ಯಾಂಪುಗಳಿಗೆ ಊಟ ಒದಗಿಸುವ ಒಂದು ಕಂಪನಿಯ ಉಗ್ರಾಣದಲ್ಲಿ ಮಾಲು ನೋಡಿ ಒಳಗೆ ಬಿಡುವುದು, ಹೊರಗೆ ಬಿಡುವುದು ಅವನ ಕೆಲಸ. ತರಗತಿ ನಡೆಯುವುದು ಇಂಗ್ಲಿಷಿನಲ್ಲಿ. ಮುಗಿದ ಮೇಲೆ ಅವನು ಒಂದು ನಿಮಿಷ ಉಳಿದು ಕನ್ನಡದಲ್ಲಿ ಎರಡು ಮಾತಾಡಿ ಹೋಗುತ್ತಿದ್ದ. "ಹೆಬ್ಬಾಳದಲ್ಲಿ ಇನ್ನೂ ಅದೇ ಟ್ರಾಫಿಕ್ಕಾ ಮೇಡಂ" ಅಂತ ಕೇಳುವನು. ಅಮ್ಮ, ತಂಗಿ ಇಬ್ಬರೇ ಆರ್.ಟಿ. ನಗರದಲ್ಲಿದ್ದಾರೆ, ತಂಗಿಯ ಮದುವೆ ಆಗಬೇಕು ಎಂಬುದು ಹಾಗೆ ಮಾತಾಡುವಾಗ ಗೊತ್ತಾದದ್ದು.

ಅದೊಂದು ಬೇಸಿಗೆಯ ಶನಿವಾರ. ಅವತ್ತಿನ ಪಾಠಕ್ಕೂ ವಾಸನೆಗೂ ಸಂಬಂಧವೇ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಶೀತಲ ಕೋಣೆಗಳ ಬಾಗಿಲಿನ ರಬ್ಬರು ಹೇಗಿರಬೇಕು ಎಂಬಂಥ ಒಣ ವಿಷಯ. ನಾನು ಚಿತ್ರ ತೋರಿಸುತ್ತಾ ಮಾತಾಡುತ್ತಿದ್ದಾಗ ನಾತ ಬಂತು.

ಮೊದಲು ಸಿಹಿ. ಮಾಂಸ ಕೊಳೆಯುವಾಗ ಮೊದಲು ಏಳುವುದು ಸಿಹಿಯೇ, ಕಳಿತು ಕಪ್ಪಾದ ಬಾಳೆಹಣ್ಣಿನ ಹತ್ತಿರದ್ದು. ಅದರ ಹಿಂದೆಯೇ ಗಂಟಲಿಗೆ ಕೈ ಹಾಕುವ ಕೊಳಕು. ಅದರ ಮೇಲೆ ಯಾರೋ ವಿನೆಗರ್ ಸುರಿದ ಹಾಗೆ ಒಂದು ಹುಳಿಘಾಟು. ಇವೆಲ್ಲದರ ಅಡಿಯಲ್ಲಿ ನಾನು ಗುರುತಿಸಲಾರದ ಇನ್ನೊಂದು ಇತ್ತು. ಕಹಿ, ಹೊಗೆ, ಸುಟ್ಟ ಕಿತ್ತಳೆ ಸಿಪ್ಪೆಯಂಥದ್ದು. ಬೇಸಿಗೆಯಲ್ಲಿ ಪಕ್ಕದ ಕೆರೆಯ ಕಡೆಯಿಂದ ಗಾಳಿ ಬೀಸಿದರೆ ಮೂಗು ಮುಚ್ಚಿಕೊಳ್ಳುವುದು ನಮಗೆ ಹೊಸದಲ್ಲ. ಆದರೆ ಅದು ಕೆಸರು, ಪಾಚಿ, ಸೋಪಿನ ನೊರೆ ಸೇರಿದ ನಾತ. ಇದು ಬೇರೆ. ಇದು ಮೇಜಿನ ಮೇಲೆಯೇ ಬಿದ್ದಿರುವಂತೆ ಹತ್ತಿರದ್ದು. ಮಾತಾಡಲು ಬಾಯಿ ತೆರೆದರೆ ನಾಲಗೆಯ ಮೇಲೆ ಬಂದು ಕೂರುತ್ತಿತ್ತು. ಕೆಲಸದಲ್ಲಿದ್ದಾಗ ಒಮ್ಮೆಯೂ ವಾಂತಿ ಮಾಡಿಕೊಂಡವಳಲ್ಲ ನಾನು. ಅವತ್ತು ಪಾಠ ಮುಂದುವರಿಸಲು ಆಗಲಿಲ್ಲ. "ಐದು ನಿಮಿಷ ಬಿಡುವು" ಎಂದಷ್ಟೇ ಹೇಳಿ, ದನಿ ಬಂದ್ ಮಾಡಿ ಎದ್ದೆ. ವಾಸನೆಯ ಮಾತನ್ನು ಎತ್ತಲೇ ಇಲ್ಲ.

ಮಂಚದ ಕೆಳಗೆ, ಬೀರುವಿನ ಹಿಂದೆ, ಬಚ್ಚಲಿನಲ್ಲಿ, ಅಡಿಗೆಮನೆಯ ಕಸದ ಬುಟ್ಟಿಯಲ್ಲಿ ನೋಡಿದೆ. ಎಲ್ಲೂ ಏನೂ ಇಲ್ಲ. ಬಾಲ್ಕನಿಗೆ ಬಂದು ಕೆಳಗೆ ಕೂಗಿದೆ. ಮನೆಯ ಓನರ್ ಮುನಿರತ್ನಮ್ಮ ಮೇಲೆ ಬಂದರು. ಒಂದು ಕಾಲದಲ್ಲಿ ಇದೇ ನೆಲದಲ್ಲಿ ರಾಗಿ, ದ್ರಾಕ್ಷಿ ಬೆಳೆಯುತ್ತಿದ್ದ ಮನೆತನ. ಈಗ ಅದರ ಮೇಲೆ ಮೂರು ಅಂತಸ್ತು ಎದ್ದಿದೆ. ದನ ಕಟ್ಟಿದವರ ಮೂಗು, ಅದನ್ನು ನಂಬಬಹುದು.

ಅವರು ಕೋಣೆಯ ನಡುವೆ ನಿಂತು ಸುತ್ತಲೂ ಮೂಸಿ ನೋಡಿದರು. "ಎಲ್ಲಮ್ಮಾ ನಾತ? ನಂಗೇನೂ ಬರ್ತಿಲ್ವಲ್ಲ."

"ಇಲ್ಲೇ ಮುನಿರತ್ನಮ್ಮ, ಏನೋ ಸತ್ತಿರೋ ಹಾಗಿದೆ. ನಿಲ್ಲಕ್ಕೇ ಆಗ್ತಿಲ್ಲ."

ಅವರು ಬಗ್ಗಿ ಮಂಚದ ಕೆಳಗೂ ನೋಡಿದರು. "ಇಲಿ ಗಿಲಿ ಏನೂ ಇಲ್ಲ ಕಣಮ್ಮ. ಊದ್ಗಡ್ಡಿ ವಾಸ್ನೆ ಬತ್ತೈತೆ ಅಷ್ಟೇ. ಯಾಕ್ ಇಂಗ್ ಬೆವ್ತಿದೀಯ? ಬಿಸ್ಲಿಗೆ ಪಿತ್ತ ಏರೈತೆ. ಒಸಿ ಮಜ್ಜಿಗೆ ಕಳಿಸ್ತೀನಿ, ಕುಡಿ."

ಅವರು ಹೇಳುತ್ತಿದ್ದಾಗಲೂ ನನಗೆ ನಾತ ಬರುತ್ತಲೇ ಇತ್ತು. ನನ್ನ ಮೂಗಿಗೇ ಏನೋ ಆಗಿದೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ಹಾಗೆ ಅಂದುಕೊಂಡಾಗ ಸ್ವಲ್ಪ ಸಮಾಧಾನವಾಯಿತು. ರೋಗವಾದರೆ ಔಷಧ ಇರುತ್ತದೆ.

ಮತ್ತೆ ಬಂದು ಲ್ಯಾಪ್‌ಟಾಪಿನ ಮುಂದೆ ಕೂತೆ. ಪರದೆಯಲ್ಲಿ ಗ್ರೇಸ್ ಹೆಗಲಿನ ಬಟ್ಟೆಯಿಂದ ಮೂಗು ಒತ್ತಿ ಹಿಡಿದಿದ್ದಳು. ದಿಲಿನಿ ಎದ್ದು ಕಿಟಕಿ ಮುಚ್ಚುತ್ತಿದ್ದಳು. ರಾಮೋನ್ ಕುರ್ಚಿಯಲ್ಲಿರಲಿಲ್ಲ. ಅವನ ಹಿಂದೆ ಫ್ರಿಜ್ಜಿನ ಬಾಗಿಲು ತೆರೆದಿತ್ತು, ಅವನು ಅದರೊಳಗೆ ತಲೆ ಹಾಕಿ ಒಂದೊಂದೇ ಡಬ್ಬಿ ತೆಗೆದು ಮೂಸುತ್ತಿದ್ದ. ನಾಸಿರ್ ಮಾತ್ರ ಸುಮ್ಮನೆ ಕೂತು ಮೂವರನ್ನೂ ನೋಡುತ್ತಿದ್ದ.

ಗ್ರೇಸ್ ಬಾಯಿ ತೆರೆಯುವುದರಲ್ಲಿದ್ದಳು. ನಾನು ತಡೆದೆ. ಯಾರೂ ಏನೂ ಹೇಳಬೇಡಿ, ನಿಮ್ಮಲ್ಲಿ ಏನಾದರೂ ವಾಸನೆ ಬರುತ್ತಿದ್ದರೆ ಅದು ಎಂಥದ್ದು ಅಂತ ನನಗೊಬ್ಬಳಿಗೇ ಬರೆಯಿರಿ ಎಂದೆ. ಅಭ್ಯಾಸಬಲದಿಂದ ಬಂದ ಮಾತು ಅದು. ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ, ಆ ಒಂದು ಮಾತು ಆಡದೇ ಇದ್ದಿದ್ದರೆ ಇವತ್ತು ಇದೆಲ್ಲ ಭ್ರಮೆ ಎಂದು ಹಾಯಾಗಿ ಇರಬಹುದಿತ್ತು.

ಗ್ರೇಸ್ ಬರೆದಳು: ಹಾಲಲ್ಲ, ಹಾಲಾದರೆ ನನಗೆ ಗೊತ್ತಾಗುತ್ತದೆ. ಕೊಳೆತ ಮಾಂಸ. ಅದರ ಮೇಲೆ ವಿನೆಗರ್. ಜೊತೆಗೆ ಹೊಗೆಯಲ್ಲಿಟ್ಟ ನಿಂಬೆಯಂಥದ್ದು ಏನೋ ಇದೆ. ರಾಮೋನ್ ಬರೆದ: ಕುರಿ. ಕೆಟ್ಟ ಮೇಲೆ ತೊಳೆದಿದ್ದಾರೆ. ಯಾವುದೋ ಹಣ್ಣಿನ ಒಣಸಿಪ್ಪೆ, ಕಹಿ. ದಿಲಿನಿ ಬರೆದಳು: ಮೀನಲ್ಲ ಮೇಡಂ. ನಾವು ಸಾರಿಗೆ ಹಾಕುವ ಕಪ್ಪಾಗಿ ಒಣಗಿದ ಹುಳಿಯಂಥ ವಾಸನೆ, ಆದರೆ ಅದೂ ಅಲ್ಲ. ಉಳಿದದ್ದನ್ನು ಬರೆಯಲು ಅಸಹ್ಯವಾಗುತ್ತಿದೆ, ಕ್ಷಮಿಸಿ.

ನಾಸಿರ್ ಎಲ್ಲರಿಗಿಂತ ಬೇಗ ಬರೆದಿದ್ದ. ಒಂದೇ ಸಾಲು. ನನಗೂ ಅದೇ ಬರ್ತಿದೆ ಮೇಡಂ.

ತರಗತಿಯನ್ನು ಅಲ್ಲಿಗೇ ನಿಲ್ಲಿಸಿದೆ. ಎಲ್ಲರೂ ಹೋದ ಮೇಲೆ ನಾಸಿರನಿಗೆ ಫೋನಿನಲ್ಲಿ ವಿಡಿಯೊ ಕಾಲ್ ಮಾಡಿದೆ.

"ನಾಸಿರ್, 'ಅದೇ' ಅಂದ್ರೆ ಯಾವುದು?"

"ಅದೇ ಮೇಡಂ, ಎಲ್ರಿಗೂ ಬರ್ತಿರೋ ವಾಸ್ನೆ."

"ಅವ್ರು ಬರೆದಿದ್ದು ನನಗೆ ಮಾತ್ರ. ಅವ್ರಿಗೆ ಏನ್ ಬರ್ತಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಅವನು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದ. ಆಮೇಲೆ ತಲೆ ತಗ್ಗಿಸಿಕೊಂಡೇ ಹೇಳಿದ. "ನಂಗೆ ಯಾವ ವಾಸ್ನೆನೂ ಬರಲ್ಲ ಮೇಡಂ. ಕೊರೊನಾ ಬಂದಾಗ ಹೋಗಿದ್ದು, ವಾಪಸ್ ಬರ್ಲೇ ಇಲ್ಲ. ಇಲ್ಲಿ ಯಾರ್ಗೂ ಹೇಳಿಲ್ಲ. ಅಮ್ಮಿಗೂ ಗೊತ್ತಿಲ್ಲ. ಗೊತ್ತಾದ್ರೆ ನಾಳೆನೇ ಟಿಕೆಟ್ ಕೊಟ್ಟು ಕಳಿಸಿಬಿಡ್ತಾರೆ. ಕಣ್ಣು ಕಾಣ್ದೇ ಇರೋ ಡ್ರೈವರ್ ಯಾರ್ಗೆ ಬೇಕು."

ಅಲ್ಲಿಯವರೆಗೆ ಹಾಲಿನ ಬಗ್ಗೆ, ಮೀನಿನ ಬಗ್ಗೆ ಅವನು ಬರೆದು ಕಳಿಸಿದ್ದೆಲ್ಲ ನೆನಪಾಯಿತು. ಎಲ್ಲ ಪುಸ್ತಕದ್ದು. ಸುಳ್ಳು. ನನಗೆ ಅವನ ಮೇಲೂ ಹೇಸಿಗೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ವಾಸನೆಯೇ ಬಾರದವನು ಸಾವಿರಾರು ಜನ ತಿನ್ನುವ ಅನ್ನದ ಬಾಗಿಲಲ್ಲಿ ಕೂತಿದ್ದಾನೆ. ಬೈಯಲು ಬಾಯಿ ತೆರೆದವಳು ಬೇರೆಯದನ್ನೇ ಕೇಳಿದೆ.

"ಈಗ ಎಲ್ಲಿದ್ದೀರಿ ನೀವು?"

"ಗೋಡೌನಲ್ಲೇ ಮೇಡಂ, ಆಫೀಸ್ ರೂಮಲ್ಲಿ. ಹಿಂದಗಡೆ ಕೋಲ್ಡ್ ರೂಮು."

"ಅದ್ರೊಳಗೆ ಏನಿದೆ?"

"ಮಟನ್. ಸಂಜೆ ಕ್ಯಾಂಪ್‌ಗಳಿಗೆ ಹೋಗ್ಬೇಕು. ನಾನು ಓಕೆ ಅಂದ್ರೆ ಲೋಡ್ ಮಾಡ್ತಾರೆ. ಯಾಕೆ ಮೇಡಂ? ಟೆಂಪರೇಚರ್ ನೋಡ್ದೆ, ಕರೆಕ್ಟಾಗಿದೆ. ಬಣ್ಣನೂ ಚೆನ್ನಾಗೇ ಇದೆ. ಎರಡ್ ದಿನ ಜ್ವರ ಅಂತ ರಜೆ ಹಾಕಿದ್ದೆ, ಇವತ್ತೇ ಬಂದಿದ್ದು."

ಈ ಕಡೆ ನನ್ನ ಕೋಣೆಯಲ್ಲಿ ನಾತ ಗೋಡೆಯ ಹಾಗೆ ನಿಂತಿತ್ತು. ಏನು ಹೇಳಲಿ? ಅಲ್ಲಾಳಸಂದ್ರದಲ್ಲಿ ನನಗೆ ವಾಸನೆ ಬರುತ್ತಿದೆ, ಆದ್ದರಿಂದ ಸಮುದ್ರದಾಚೆ ನಿಮ್ಮ ಕೋಣೆಯಲ್ಲಿರುವ ಮಾಂಸ ಕೆಟ್ಟಿದೆ ಎನ್ನಲೇ? ನನ್ನ ಮಾತು ಕೇಳಿ ಅವನು ಅಷ್ಟೂ ಮಾಲನ್ನು ತಡೆದು, ಅದು ಚೆನ್ನಾಗಿಯೇ ಇದ್ದರೆ, ಅವನ ಗುಟ್ಟು ರಟ್ಟಾಗಿ ಕೆಲಸವೂ ಹೋಗುತ್ತದೆ. ಹೇಳದೇ ಇದ್ದರೆ ಆ ಮಾಂಸ ರಾತ್ರಿ ನೂರಾರು ತಟ್ಟೆಗಳಿಗೆ ಬೀಳುತ್ತದೆ. ಕಾರ್ಖಾನೆಯಲ್ಲಿದ್ದಾಗ ಹೌದು, ಇಲ್ಲ ಎಂದು ಹೇಳಲು ನನಗೆ ಒಂದು ಉಸಿರು ಸಾಕಾಗುತ್ತಿತ್ತು. ಅವತ್ತು ಎರಡನ್ನೂ ತೂಗುತ್ತಾ ಕೂತೆ. ಕೊನೆಗೆ ಯಾವ ತಪಾಸಣೆಯವಳೂ ಹೇಳಬಹುದಾದಷ್ಟನ್ನೇ ಹೇಳಿದೆ. "ಅಲ್ಲಿರೋ ಬೇರೆ ಯಾರಿಗಾದ್ರೂ ಮೂಸಿ ನೋಡೋಕೆ ಹೇಳಿ. ನನ್ನೆದುರಿಗೇ. ಫೋನ್ ಹಿಡ್ಕೊಂಡೇ ಹೋಗಿ."

ಅವನು ಫೋನು ಹಿಡಿದುಕೊಂಡು ಹಿಂದಕ್ಕೆ ನಡೆದ. ಲಾರಿಗೆ ಮಾಲು ತುಂಬುವ ಆಳುಗಳು ಬಾಗಿಲ ಪಕ್ಕದ ನೆರಳಿನಲ್ಲಿ ಸಾಲಾಗಿ ಕೂತಿದ್ದರು, ನಮ್ಮ ದೇಶದವರೇ ಹೆಚ್ಚು. ಅವರನ್ನು ನೋಡಿದ ಕೂಡಲೇ ನನಗೆ ಉತ್ತರ ಸಿಕ್ಕಿತು. ಪ್ರತಿಯೊಬ್ಬನೂ ಮೂಗಿನ ಮೇಲೆ ಟವಲು ಕಟ್ಟಿಕೊಂಡಿದ್ದ.

"ಯಾಕೆ ಎಲ್ರೂ ಮುಖಕ್ಕೆ ಬಟ್ಟೆ ಕಟ್ಕೊಂಡಿದಾರೆ ನಾಸಿರ್?"

"ಧೂಳಿಗೆ ಅಂದ್ಕೊಂಡಿದ್ದೆ ಮೇಡಂ" ಎಂದ. ಅವನ ದನಿ ಸಣ್ಣಗಾಗಿತ್ತು.

ಅವನು ಅವರನ್ನು ಹಿಂದಿಯಲ್ಲಿ ಕೇಳಿದ, ಒಳಗೆ ವಾಸನೆ ಬರ್ತಿದೆಯಾ ಎಂದು. ಎಲ್ಲರೂ ನೆಲ ನೋಡಿದರು. ಮತ್ತೆ ಕೇಳಿದ. ಒಬ್ಬ ಹೇಳಿದ, ಸೂಪರ್‌ವೈಸರ್‌ನ ಕೇಳಿ. ನಾಸಿರ್ ಬಿಡಲಿಲ್ಲ. ರಾತ್ರಿ ಕ್ಯಾಂಪಿನಲ್ಲಿ ನೀವೂ ಇದನ್ನೇ ತಾನೆ ತಿನ್ನೋದು ಎಂದ. ಆಗ ಅವರಲ್ಲಿ ವಯಸ್ಸಾದವನೊಬ್ಬ ಟವಲನ್ನು ಸ್ವಲ್ಪ ಕೆಳಗೆ ಸರಿಸಿ, ತೀರಾ ಸಹಜವಾಗಿ, "ಇವತ್ತು ನಾವು ತಿನ್ನಲ್ಲ ಭಾಯ್" ಅಂದ.

ಮಾಂಸದ ನಾತವನ್ನು ಅಲ್ಲಿಯವರೆಗೆ ಹೇಗೋ ತಡೆದುಕೊಂಡಿದ್ದೆ. ಆ ಮಾತು ಕೇಳಿ ಬಚ್ಚಲಿಗೆ ಓಡಿದೆ.

ಬಾಯಿ ತೊಳೆದುಕೊಂಡು ಬರುವಷ್ಟರಲ್ಲಿ ನಾಸಿರ್ ಒಳಗೆ ಹೋಗಿದ್ದ. ಫೋನನ್ನು ಎಲ್ಲೋ ಒರಗಿಸಿ ಇಟ್ಟಿದ್ದ. ಮಾಂಸದ ಪೊಟ್ಟಣಗಳ ಪಕ್ಕದಲ್ಲಿ ಬಾಯಿ ಬಿಚ್ಚಿದ ಚೀಲಗಳು ಕಂಡವು. ಅವುಗಳಲ್ಲಿ ಕಪ್ಪು ಗೋಲಿಗಳಂಥವು ತುಂಬಿದ್ದವು. ಅವೇನು ಎಂದು ಕೇಳಿದೆ.

"ಇದಾ? ಲೂಮಿ ಅಂತಾರೆ ಮೇಡಂ. ನಿಂಬೆಹಣ್ಣನ್ನ ಉಪ್ಪುನೀರಲ್ಲಿ ಕುದಿಸಿ ಕಪ್ಪಾಗೋವರೆಗೂ ಬಿಸಿಲಲ್ಲಿ ಒಣಗಿಸೋದು. ಇಲ್ಲಿ ಸಾರಿಗೆ ಹಾಕ್ತಾರೆ."

ಹೊಗೆಯಲ್ಲಿಟ್ಟ ನಿಂಬೆ. ಒಣಸಿಪ್ಪೆ. ಕಪ್ಪಾದ ಹುಳಿ. ನಾನು ಅಂಥ ಪದಾರ್ಥವನ್ನು ಅದುವರೆಗೆ ನೋಡಿರಲಿಲ್ಲ, ಅದರ ಹೆಸರು ಕೇಳಿರಲಿಲ್ಲ.

"ನಾಸಿರ್, ಆ ಮಾಂಸನ ಬಿಡ್ಬೇಡಿ" ಎಂದೆ. ಕಾರಣ ಹೇಳಲಿಲ್ಲ. ಅವನು ಕೇಳಲೂ ಇಲ್ಲ. ಅಷ್ಟರಲ್ಲಿ ಸೂಪರ್‌ವೈಸರ್ ಬಂದ. ಮುಖ ಕಾಣಲಿಲ್ಲ, ದನಿ ಮಾತ್ರ ಕೇಳಿತು. ಎರಡು ದಿನ ಶೀತಲ ಕೋಣೆಯ ಯಂತ್ರ ಕೆಟ್ಟಿತ್ತು, ನಿಜ. ಮಾಂಸವನ್ನು ವಿನೆಗರಿನಲ್ಲಿ ತೊಳೆಸಿ ಹೊಸದಾಗಿ ಕಟ್ಟಿಸಿದ್ದೇನೆ, ಈಗ ಸರಿಯಾಗಿದೆ. ಮಸಾಲೆ ಹಾಕಿ ಬೇಯಿಸಿದ ಮೇಲೆ ಯಾರಿಗೆ ಗೊತ್ತಾಗುತ್ತದೆ? ಆ ಜನ ತಿನ್ನುವುದು ಹೊಟ್ಟೆ ತುಂಬಲಿಕ್ಕೆ, ರುಚಿ ನೋಡಲಿಕ್ಕಲ್ಲ. ಇದನ್ನೆಲ್ಲ ಅವನು ಸಿಟ್ಟಿನಿಂದ ಹೇಳಲಿಲ್ಲ. ನಗುತ್ತಾ, ಸಮಾಧಾನ ಮಾಡುವವನ ಹಾಗೆ ಹೇಳಿದ. ಆ ನಗು ನನಗೆ ಬಾಗಲೂರಿನಿಂದಲೇ ಗೊತ್ತು. ದೇಶ ಬದಲಾದರೂ ಅದು ಬದಲಾಗುವುದಿಲ್ಲ. ಆಮೇಲೆ ಕರೆ ಕಡಿದುಹೋಯಿತು. ಎಷ್ಟು ಸಲ ಮಾಡಿದರೂ ನಾಸಿರ್ ಎತ್ತಲಿಲ್ಲ.

ಮುನಿರತ್ನಮ್ಮ ಕಳಿಸಿದ ಮಜ್ಜಿಗೆಯನ್ನು ಮೂಗಿನ ಹತ್ತಿರ ಹಿಡಿಯಲೂ ಆಗಲಿಲ್ಲ. ನಮ್ಮ ಯಜಮಾನರು ಕೆಲಸದಿಂದ ಬಂದರು. ಯಶವಂತಪುರದಿಂದ ಬರುವಾಗ ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದನ್ನು ಹೇಳುತ್ತಾ ಅದೇ ಕೋಣೆಯಲ್ಲಿ ಕೂತು ನೆಮ್ಮದಿಯಾಗಿ ಚಕ್ಕುಲಿ ತಿಂದರು. ಅವರಿಗೆ ಏನೂ ಬರುತ್ತಿರಲಿಲ್ಲ. ಅವರು ಅಗಿಯುವುದನ್ನು ನೋಡಲಾರದೆ ನಾನು ಅಡಿಗೆಮನೆಗೆ ಹೋಗಿ ಸುಮ್ಮನೆ ನಿಂತೆ. ದೀಪ ಹಚ್ಚುವ ಹೊತ್ತಿಗೆ ಆ ನಾತ ಒಮ್ಮೆಲೇ ನಿಂತಿತು. ಯಾವ ವಾಸನೆಯೂ ಹಾಗೆ ನಿಲ್ಲುವುದಿಲ್ಲ. ತೆಳ್ಳಗಾಗುತ್ತದೆ, ಬಟ್ಟೆಯಲ್ಲಿ, ಕೂದಲಲ್ಲಿ ಉಳಿಯುತ್ತದೆ. ಇದು ನಲ್ಲಿ ತಿರುಗಿಸಿದ ಹಾಗೆ ನಿಂತಿತು. ಅದರ ಜಾಗದಲ್ಲಿ ಒಂದು ಕ್ಷಣ ಬ್ಲೀಚಿಂಗ್ ಪೌಡರಿನ ಘಾಟು ಬಂದು ಕಣ್ಣಲ್ಲಿ ನೀರು ಬಂತು. ಮೆಟ್ಟಿಲು ತೊಳೆಸುತ್ತಿದ್ದಾರೇನೋ ಎಂದು ಬಾಗಿಲು ತೆಗೆದು ನೋಡಿದೆ. ಮೆಟ್ಟಿಲು ಒಣಗಿಯೇ ಇತ್ತು.

ಮರುದಿನ ನಾಸಿರನ ಫೋನು ಬಂತು. ಸೂಪರ್‌ವೈಸರ್ ಇನ್ನೊಬ್ಬನ ಕೈಲಿ ಓಕೆ ಅನ್ನಿಸಲು ಹೋಗಿದ್ದನಂತೆ. ಅಷ್ಟರೊಳಗೆ ಇವನು ಒಂದು ಚಾಕು ತೆಗೆದುಕೊಂಡು ಪೊಟ್ಟಣಗಳನ್ನು ಸೀಳಿ, ನೆಲ ತೊಳೆಯಲು ಇಟ್ಟಿದ್ದ ಬ್ಲೀಚಿನ ಕ್ಯಾನನ್ನು ಅವುಗಳ ಮೇಲೆ ಸುರಿದ. "ಒಬ್ನೇ ಎಷ್ಟ್ ಮಾಡಕ್ಕಾಗುತ್ತೆ ಮೇಡಂ? ಅರ್ಧನೂ ಆಗಿರ್ಲಿಲ್ಲ. ಆವಾಗ ಆ ಮುದುಕ ಬಂದ, ಇವತ್ತು ತಿನ್ನಲ್ಲ ಅಂದ್ನಲ್ಲ, ಅವ್ನು. ಇನ್ನೊಂದ್ ಕ್ಯಾನ್ ಎತ್ಕೊಂಡು ಸುರಿಯಕ್ಕೆ ಶುರು ಮಾಡ್ದ." ಆ ರಾತ್ರಿ ಕ್ಯಾಂಪಿನವರಿಗೆ ಅನ್ನ, ಬೇಳೆ ಅಷ್ಟೇ ಕೊಟ್ಟರಂತೆ. ತನಗೆ ವಾಸನೆ ಬರುವುದಿಲ್ಲ ಎಂಬುದನ್ನು ನಾಸಿರ್ ತಾನೇ ಎಲ್ಲರೆದುರು ಹೇಳಿಬಿಟ್ಟಿದ್ದ. ಹದಿನೈದು ದಿನದೊಳಗೆ ಅವನನ್ನು ಊರಿಗೆ ಕಳಿಸಿದರು. ಸೂಪರ್‌ವೈಸರ್ ಅಲ್ಲೇ ಇದ್ದಾನೆ ಎಂದು ಕೇಳಿದೆ.

ನಾನು ನನ್ನ ಮಟ್ಟಿಗೆ ವಿವರಣೆ ಹುಡುಕದೇ ಬಿಟ್ಟಿಲ್ಲ. ಮೂಗಿನ ಡಾಕ್ಟರಿಗೆ ತೋರಿಸಿಕೊಂಡೆ, ದೋಷ ಇಲ್ಲ ಎಂದರು. ಒಬ್ಬರ ಮುಖದ ಅಸಹ್ಯ ನೋಡಿ ಇನ್ನೊಬ್ಬರಿಗೆ ವಾಕರಿಕೆ ಬರುವುದುಂಟು, ಪರದೆಯ ಮೇಲೆ ನನ್ನ ಮುಖ ನೋಡಿ ಅವರಿಗೂ ಹಾಗಾಗಿರಬಹುದು ಎಂದುಕೊಂಡೆ. ಅದನ್ನು ಒಪ್ಪಲು ನಾನು ಸಿದ್ಧಳಿದ್ದೇನೆ. ಆದರೆ ಮುಖ ನೋಡಿದರೆ ಕುರಿಯೋ ಕೋಳಿಯೋ ಗೊತ್ತಾಗುವುದಿಲ್ಲ. ಒಣಗಿದ ನಿಂಬೆಯಂತೂ ಯಾರ ಮುಖದಲ್ಲೂ ಕಾಣುವುದಿಲ್ಲ. ಮುಂದಿನ ವಾರ ಉಳಿದ ಮೂವರಿಗೂ ನಡೆದದ್ದನ್ನು ಹೇಳಿದೆ. ಗ್ರೇಸ್, ದೇವರ ಕೆಲಸ, ಅದನ್ನು ಬಿಡಿಸಿ ನೋಡಬೇಡಿ ಎಂದಳು. ದಿಲಿನಿ, ಅವತ್ತು ನಮ್ಮ ಬೀದಿಯ ಚರಂಡಿ ಕಟ್ಟಿತ್ತು, ಅದೇ ಇರಬೇಕು ಎಂದು ಹಟ ಹಿಡಿದಳು. ತಾನು ಬರೆದದ್ದನ್ನು ನೆನಪಿಸಿದರೆ ಮಾತು ತಿರುಗಿಸಿದಳು. ರಾಮೋನ್ ಮಾತ್ರ, ಆ ಆಳುಗಳ ಜಾಗದಲ್ಲಿ ನಾನೂ ಒಂದು ಕಾಲದಲ್ಲಿ ಕೂತಿದ್ದವನೇ ಎಂದ.

ಕೆಲವು ತಿಂಗಳ ಮೇಲೆ ನಾಸಿರ್ ಅವನ ಅಮ್ಮನನ್ನು ಕರೆದುಕೊಂಡು ಮನೆಗೆ ಬಂದ. ಈಗ ಇಲ್ಲೇ ಒಂದು ಕಂಪನಿಯಲ್ಲಿ ಲಾರಿಗಳು ಎಲ್ಲಿಗೆ ಹೋಗಬೇಕು ಎಂದು ನೋಡುವ ಕೆಲಸ ಸಿಕ್ಕಿದೆಯಂತೆ, ಮೂಗು ಬೇಕಿಲ್ಲದ ಕೆಲಸ. ಅಮ್ಮ ನನ್ನ ಕೈ ಹಿಡಿದುಕೊಂಡು, "ಇಷ್ಟು ವರ್ಷ ರಜೆಗೆ ಬಂದಾಗಲೆಲ್ಲ ನಾನು ಮಾಡಿದ್ದನ್ನ ಚೆನ್ನಾಗಿದೆ ಚೆನ್ನಾಗಿದೆ ಅಂತಾನೇ ತಿಂದಿದಾನೆ ಮೇಡಂ, ನಂಗೆ ಒಂದು ಮಾತು ಹೇಳ್ಲಿಲ್ಲ ನೋಡಿ" ಎಂದರು. ಅವನು ನಾಚಿಕೊಂಡು ಕಿಟಕಿಯ ಕಡೆ ನೋಡಿದ. ಅಮ್ಮ ಮುನಿರತ್ನಮ್ಮನವರ ಜೊತೆ ಟೆರೇಸಿಗೆ ಹೋದಾಗ ಅವನು ನನ್ನ ತರಗತಿಯ ಕೋಣೆಗೆ ಬಂದು ಬಾಗಿಲಲ್ಲೇ ನಿಂತ.

"ಇಲ್ಲೇನಾ ಮೇಡಂ ಬಂದಿದ್ದು?"

"ಇಲ್ಲೇ."

"ನಾನು ಅದ್ರಿಂದ ಹತ್ ಹೆಜ್ಜೆ ದೂರದಲ್ಲಿದ್ದೆ, ನಂಗೆ ಬರ್ಲಿಲ್ಲ, ಸರಿ. ಹೊರಗಡೆ ಕೂತಿದ್ದೋರಿಗೆಲ್ಲ ಬಂದಿತ್ತು, ಒಬ್ರೂ ಹೇಳ್ಲಿಲ್ಲ. ನಿಮಗ್ಯಾಕೆ ಬಂತು?"

ನನಗೆ ಗೊತ್ತಿಲ್ಲ ಎಂದೆ. ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಅವನು ತಲೆಯಾಡಿಸಿದ. ಆಮೇಲೆ ಒಳಗೆ ಬಂದು, ಮೇಜಿನ ಹತ್ತಿರ ಬಗ್ಗಿ, ಯಾರೂ ನೋಡುತ್ತಿಲ್ಲ ಎಂದುಕೊಂಡವನಂತೆ, ಒಂದು ಸಲ ಆಳವಾಗಿ ಉಸಿರೆಳೆದು ನೋಡಿದ.